ಕಲ್ಲಚ್ಚಿನಲ್ಲಿ ಮೂಡಿದ ಸೀಗಡಿ

೧೯೭೬ರ ಜುಲೈ ತಿಂಗಳ ಒಂದು ಬೆಳಿಗ್ಗೆ. ಗದುಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನು, ಬೆಟಗೇರಿಯ ಒಂದು ಕಲ್ಲಚ್ಚಿನ ಮುದ್ರಣಾಲಯದ ಹಿತ್ತಲಲ್ಲಿ, ಕಲ್ಲು ತೊಳೆಯುವ ಕಟ್ಟೆಯ ಎಡಕ್ಕೆ ನಿಂತಿದ್ದೆ. ಕಾಲೇಜು ಪತ್ರಿಕೆಯ ಮುಖಪುಟದ ಪ್ರೂಫ್ ಕೊಡಲು ಹೋಗಿದ್ದೆ.

ಕಲ್ಲಚ್ಚಿನಲ್ಲಿ ನುಣುಪಾದ ಸುಣ್ಣಗಲ್ಲಿನ ಮೇಲೆ ಚಿತ್ರ ಬರೆದು ಮುದ್ರಿಸುತ್ತಾರೆ. ಆಮೇಲೆ ಮರಳು, ನೀರು ಹಾಕಿ ತಿಕ್ಕಿ ಅದನ್ನು ಅಳಿಸುತ್ತಾರೆ. ಪ್ರತಿ ಸಲವೂ ಕಲ್ಲು ತುಸು ಸವೆಯುತ್ತದೆ. ಅಂದು ಕಲ್ಲು ತಿಕ್ಕುವ ಮೌಲಾಸಾಬರ ಕೈಕೆಳಗೆ ಗೇಣುದ್ದದ ಕಂದು ಗುರುತೊಂದು ಮೂಡಿತ್ತು. ಆಸಿಡ್ ಚೆಲ್ಲಿ ಕಲ್ಲು ಕೆಡಿಸಿದ್ದಾನೆಂದು ಮಾಲೀಕರು ಕೂಗಾಡುತ್ತಿದ್ದರು.

"ಸರ, ನೀವು ಹುಳಾ-ಹುಪ್ಪಡಿ ಕಲಸೋವ್ರು. ನಾ ಆಸಿಡ್ ಚೆಲ್ಲಿಲ್ರಿ. ಇದಕ್ಕ ಮೀಸಿ ಅದಾವ, ನೋಡ್ರಿ," ಎಂದರು ಮೌಲಾಸಾಬರು.

ಬಗ್ಗಿ ನೋಡಿದೆ. ಗರಗಸದಂಥ ಮೂತಿ, ಉದ್ದ ಮೀಸೆ, ಬಾಗಿದ ಹೊಟ್ಟೆ. ಸೀಗಡಿಯ ಪಳೆಯುಳಿಕೆ. ಏಡಿ, ಸೀಗಡಿಗಳೆಲ್ಲ ಕ್ರಸ್ಟೇಶಿಯ ಎಂಬ ಗುಂಪಿನವು. ಹೊಟ್ಟೆಯಡಿ ಮೊಟ್ಟೆ ಹೊರುವ ಸೀಗಡಿಗಳಲ್ಲಿ ಹೊಟ್ಟೆಯ ಎರಡನೆಯ ಪಟ್ಟಿ ಹಿಂದುಮುಂದಿನ ಎರಡರ ಅಂಚನ್ನೂ ಮುಚ್ಚುತ್ತದೆ. ಇಲ್ಲಿ ಪಟ್ಟಿಗಳು ಹಂಚು ಹೊದಿಸಿದಂತೆ ಒಂದರ ಮೇಲೊಂದು ಸಾಲಾಗಿದ್ದವು. ಇದು ಮೊಟ್ಟೆಯನ್ನು ನೀರಿಗೇ ಬಿಡುವ ಹಳೆಯ ಕವಲಿನದು. ಈ ಸೀಗಡಿ ಸತ್ತು ಸುಮಾರು ಹದಿನೈದು ಕೋಟಿ ವರ್ಷಗಳಾಗಿರಬೇಕು. ಹಾಗೆಯೇ ಹೇಳಿದೆ.

"ಮಾಸ್ತರ, ಬೆಟಗೇರಿಗೆ ಸಮುದ್ರ ಯಾವಾಗ ಬಂದಿತ್ತರಿ?" ಎಂದು ಮಾಲೀಕರು ನಕ್ಕರು.

"ಬೆಟಗೇರಿಗಲ್ಲರಿ, ಈ ಕಲ್ಲು ಜರ್ಮನಿದು. ಆಗ ಅಲ್ಲಿ ಸಮುದ್ರ ಇತ್ತು."

"ಹಂಗಾದ್ರ ತಿಕ್ಕಿ ನೋಡೂಣು. ಆಸಿಡ್ ಕಲಿ ಆದ್ರ ಹೋಗತೈತಿ. ಕಲ್ಲಾಗಿಂದ ಆದ್ರ ಎಲ್ಲಿ ಹೋಗತೈತಿ?"

"ಇದು ಕಾಗದದಷ್ಟು ತೆಳುವು, ತಿಕ್ಕಿದ್ರ ಉಳಿಯೂದಿಲ್ಲ. ಮಧ್ಯಾಹ್ನ ಕ್ಯಾಮೆರಾ ತರ್ತೀನಿ, ಅಲ್ಲೀ ತನಕ ಬಿಡ್ರಿ."

"ಉಳಿಯೂದಿಲ್ಲ ಅಂತ ಮೊದಲ ಹೇಳಿಬಿಟ್ರಿ! ಭಾಳ ಶಾಣ್ಯಾ ಅದೀರಿ. ತಿಕ್ಕಲೇ ಮೌಲಾ!"

ಆಳು ಶಂಕ್ರಪ್ಪ ಎದುರು ಬದಿಯಿಂದ ನೀರು ಸುರಿದ. ಮೌಲಾಸಾಬರು ನನ್ನ ಮುಖ ನೋಡಿದರು. ನಾನು ಇನ್ನೊಮ್ಮೆ "ಬ್ಯಾಡರಿ" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೌಲಾಸಾಬರು ತಿಕ್ಕತೊಡಗಿದರು. ಮೊದಲು ಮೀಸೆ ಹೋಯಿತು, ಆಮೇಲೆ ಕಾಲುಗಳು. ಕೊನೆಗೆ ಆ ಹೊಟ್ಟೆಯ ಪಟ್ಟಿಗಳು. ಕಲ್ಲು ಬೆಳ್ಳಗಾಯಿತು.

"ಹೋತಲ್ಲ? ಸುಳ್ಳು ಹೇಳೋವ್ರಿಗೆ ನನ್ನ ಹತ್ರ ಕೆಲಸಿಲ್ಲ," ಎಂದರು ಮಾಲೀಕರು.

ಮೌಲಾಸಾಬರು ಕೈ ತೊಳೆದುಕೊಂಡು ಹೊರಟರು. ಮುಂದೆ ಮುಂಡರಗಿಯಲ್ಲಿ ಬೀಗ ರಿಪೇರಿ ಮಾಡಿಕೊಂಡಿದ್ದರೆಂದು ಕೇಳಿದೆ.

ಸಾಕ್ಷ್ಯವನ್ನೇ ಅಳಿಸುವ ಪರೀಕ್ಷೆಯಲ್ಲಿ ಸತ್ಯ ಹೇಳಿದವನೂ ಸೋಲುತ್ತಾನೆ. ನನ್ನ ವೃತ್ತಿ ಕಲಿಸಿದ್ದು ಇಷ್ಟು. ಮಾಲೀಕರು ಈಗಿಲ್ಲ, ಮೌಲಾಸಾಬರೂ ಇಲ್ಲ. ಆ ಸೀಗಡಿಯನ್ನು ಕಂಡು ಇನ್ನೂ ಬದುಕಿರುವವರು ನಾನು ಮತ್ತು ಬೆಟಗೇರಿಯ ಶಂಕ್ರಪ್ಪ, ಇಬ್ಬರೇ. ಶಂಕ್ರಪ್ಪ ಇಂದಿಗೂ ಅದನ್ನು ಆಸಿಡ್ ಕಲೆ ಎನ್ನುತ್ತಾನೆ.