ಬಾವಲಿಗೆ ಜನ ಸೇರಿಸಿದ ಪುಕ್ಕಲಿ

ಹಲ್ಲಿ ಲೊಚಗುಟ್ಟಿದರೆ ಮಂಚ ಹತ್ತಿ ನಿಲ್ಲುವ ಹುಡುಗಿಯೊಬ್ಬಳು ವನ್ಯಜೀವಿಗಳ ರಕ್ಷಣೆಗೆ ಹೊರಟಳೆಂದರೆ ವನ್ಯಜೀವಿಗಳ ಗ್ರಹಚಾರ ನೆಟ್ಟಗಿಲ್ಲವೆಂದೇ ತಿಳಿಯಬೇಕು.

ಮನೆಯಲ್ಲಿ ಅವಳನ್ನು ಪುಕ್ಕಲಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟ ಪುಣ್ಯಾತ್ಮ ಅಣ್ಣ. ಕಾಲೇಜಿನ ಕೊನೆಯ ವರ್ಷ ಎಲ್ಲರೂ ಎಲ್ಲಾದರೂ ಇಂಟರ್ನ್ ಆಗಲೇಬೇಕಿತ್ತು. ಬ್ಯಾಂಕು, ಜಾಹೀರಾತು ಕಂಪನಿಗಳನ್ನೆಲ್ಲ ಚುರುಕಿನವರು ಬಾಚಿಕೊಂಡ ಮೇಲೆ ಇವಳ ಪಾಲಿಗೆ ಉಳಿದದ್ದು ವನ್ಯಜೀವಿ ಸಂಸ್ಥೆಯೊಂದಕ್ಕೆ ದೇಣಿಗೆ ಎತ್ತುವ, ಸ್ವಯಂಸೇವಕರನ್ನು ಸೇರಿಸುವ ಕೆಲಸ.

"ಹುಲಿಗೆ ಊಟ ತಗೊಂಡ್ಹೋಗೋದು ನೀನಾ, ಇಲ್ಲಾ ಊಟಾನೇ ನೀನಾ?" ಎಂದ ಅಣ್ಣ.

"ಆಫೀಸ್ ಕೆಲಸ ಕಣೋ. ಫೋನು, ಪೋಸ್ಟರು, ಅಷ್ಟೇ. ಪ್ರಾಣಿ ಏನಿದ್ರೂ ಕ್ಯಾಲೆಂಡರಲ್ಲಿ."

ಆಫೀಸು ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿತ್ತು. ಗೋಡೆಯಾಚೆಯಿಂದ ಹಲ್ಲು ಕೊರೆಯುವ ಸದ್ದು, ನಡುನಡುವೆ ನರಳಾಟ. ಈಚೆ ಎರಡು ಮೇಜು, ಕೆಮ್ಮುವ ಫ್ಯಾನು, ಮೂಲೆಯ ಬಾಗಿಲಿಗೆ ದಪ್ಪನೆಯ ಕಪ್ಪು ಪರದೆ. ಪರದೆಯ ಹಿಂದೇನಿದೆ ಎಂದು ಮೊದಲ ದಿನವೇ ಕೇಳಿ ಅವಳು ನೆಮ್ಮದಿ ಕಳೆದುಕೊಂಡಳು.

"ಬಾವಲಿಗಳು," ಎಂದರು ತಂಡದ ಮುಖ್ಯಸ್ಥೆ ಮೇಡಂ, ಬಿಸ್ಕತ್ತು ಮುರಿಯುತ್ತಾ. "ತಂತಿಬೇಲಿಗೆ ಸಿಕ್ಕಿ ರೆಕ್ಕೆ ಹರ್ಕೊಂಡಿರ್ತಾವೆ. ಹುಷಾರಾಗೋವರ್ಗೂ ಇಲ್ಲೇ."

ಅಂದಿನಿಂದ ಅವಳು ಕುರ್ಚಿಯನ್ನು ಗೋಡೆಗೆ ಆನಿಸಿ, ಪರದೆಯ ಮೇಲೆ ಒಂದು ಕಣ್ಣಿಟ್ಟೇ ದೇಣಿಗೆಯ ಫೋನು ಮಾಡಿದಳು. ಫೋನಿನಾಚೆಯ ಮಹನೀಯರೂ ಅಷ್ಟೇನೂ ಪಳಗಿದವರಲ್ಲ.

"ಬಾವಲಿಗಾ? ಆನೆ ಇಲ್ವೇನಮ್ಮಾ ನಿಮ್ಹತ್ರ?"

"ಸದ್ಯಕ್ಕಿಲ್ಲ ಸರ್."

"ಹೋಗ್ಲಿ, ಒಂದು ಜಿಂಕೆ?"

ಹೀಗಿರುವಾಗ, ಸಂಜೆ ಹೊತ್ತು ಬಾವಲಿಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಸ್ವಯಂಸೇವಕರು ಊರು ಬಿಟ್ಟರು. ಹೊಸಬರು ಸಿಗದಿದ್ದರೆ ಪರದೆಯ ಹಿಂದಿನ ಕೋಣೆ ಮುಚ್ಚಬೇಕು. ಗಾಯಗೊಂಡ ಬಾವಲಿಗೆ ಬೇರೆಲ್ಲೂ ಜಾಗವಿಲ್ಲ. ಪೋಸ್ಟರು ಬರೆಯುವ ಭಾರ ಪುಕ್ಕಲಿಯ ಹೆಗಲೇರಿತು. ಬಾವಲಿಯ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಭಯವೊಂದೇ. ಅದನ್ನೇ ಬರೆದಳು: ‘ಭಯವಿದ್ದರೂ ಬನ್ನಿ.’

ಬಂದರು. ಊರಿನ ಪುಕ್ಕಲರ ಸೈನ್ಯವೇ ಹಿತ್ತಲಿನ ಅಂಗಳದಲ್ಲಿ ನೆರೆಯಿತು. ಒಬ್ಬರ ಹಿಂದೊಬ್ಬರು ಅಡಗುವ ಪ್ರಯತ್ನದಲ್ಲಿ ಸಾಲೇ ನಿಲ್ಲಲಿಲ್ಲ.

ಮೇಡಂ ಹಿಗ್ಗಿ ಹೀರೇಕಾಯಿಯಾದರು. ಮೊಣಕೈವರೆಗೆ ಬರುವ ತೊಗಲಿನ ಗ್ಲೌಸನ್ನು ಪುಕ್ಕಲಿಯ ಕೈಗಿಟ್ಟು, "ಹಾಕ್ಕೊ. ನಮ್ಮಲ್ಲಿ ಜನಾನ ಕರೆದೋರೇ ಮೊದಲ ಕೆಲಸ ಮಾಡಿ ತೋರಿಸ್ಬೇಕು," ಎಂದರು. "ಹುಷಾರಾಗಿರೋ ಒಂದನ್ನ ಇವತ್ತು ಬಿಡ್ತಿದೀವಿ. ಪೆಟ್ಟಿಗೇನ ಅಂಗಳದ ಮರಕ್ಕೆ ಆನಿಸಿ ಮುಚ್ಚಳ ತೆಗಿ. ತಾನೇ ಹತ್ಕೊಂಡು ಹೋಗುತ್ತೆ."

ಈ ಪದ್ಧತಿಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಬಚ್ಚಲಿಗೆ ನುಗ್ಗಿ ಮನೆಗೆ ಫೋನು ಮಾಡಿದಳು. ಎತ್ತಿದ್ದು ಅಜ್ಜಿ.

"ಅಜ್ಜೀ, ಕೈ ನಡುಗ್ತಿದೆ."

"ನಡುಗ್ಲಿ ಬಿಡೇ. ಕಾಲು ಓಡೋಕ್ಕೆ ಶುರು ಮಾಡಿದ್ರೆ ಆಮೇಲೆ ಫೋನ್ ಮಾಡು," ಎಂದು ಅಜ್ಜಿ ಇಟ್ಟೇಬಿಟ್ಟರು.

ಮುಸ್ಸಂಜೆ. ವೀರವನಿತೆ ಗ್ಲೌಸು ತೊಟ್ಟು, ಪೆಟ್ಟಿಗೆಯೊಂದಿಗೆ ಮರದತ್ತ ನಡೆದಳು. ಒಳಗಿನಿಂದ ಉಗುರು ಪರಪರ ಕೆರೆಯುವ ಸದ್ದು. ಒಂದು ಸಲ ಏನೋ ಹೊರಳಿ ಪೆಟ್ಟಿಗೆಯೇ ವಾಲಿತು. ಪೆಟ್ಟಿಗೆಯನ್ನು ಮರದ ಕವೆಗೆ ಆನಿಸಿ, ಕಣ್ಣು ಕಿರಿದು ಮಾಡಿ ಮುಚ್ಚಳ ಸರಿಸಿದಳು.

ಮೊದಲು ಒಂದು ಕೊಕ್ಕೆಯುಗುರು ಬಂತು. ಆಮೇಲೆ ಒದ್ದೆ ಮೂಗು. ಎರಡು ದೊಡ್ಡ ಕಣ್ಣುಗಳು ಅವಳನ್ನೇ ನೋಡಿದವು. ಅದು ಮರವನ್ನೂ ನೋಡಿತು, ಸೆಟೆದು ನಿಂತಿದ್ದ ಅವಳ ತೋಳನ್ನೂ ನೋಡಿತು, ತೋಳೇ ವಾಸಿಯೆಂದು ತೀರ್ಮಾನಿಸಿತು.

ಗ್ಲೌಸಿನ ಮೇಲೆ ಒಂದೊಂದೇ ಉಗುರು ಊರುತ್ತಾ ಮೇಲೇರಿತು. ಗ್ಲೌಸು ಮುಗಿದಲ್ಲಿಂದ ಅದರ ಬಿಸಿ ಬಟ್ಟೆ ದಾಟಿ ಚರ್ಮಕ್ಕೆ ತಾಗತೊಡಗಿತು. ಮೊಣಕೈ ದಾಟಿ ಭುಜದ ಹತ್ತಿರ ಬಂದು, ಕೊಡೆ ಬಿಚ್ಚಿದಂತೆ ಒಂದು ರೆಕ್ಕೆ ಬಿಚ್ಚಿತು. ಸೈನ್ಯ ಗೇಟಿನತ್ತ ಪಲಾಯನ ಮಾಡಿತು. ಮೇಡಂ ಗೇಟಿಗೆ ಅಡ್ಡ ನಿಂತು, "ಹೋಗ್ಬೇಡ್ರೀ, ಟೀ ಇದೆ!" ಎಂದು ಗೋಗರೆಯುತ್ತಿದ್ದರು.

ಇವರೆಲ್ಲ ಹೋದರೆ ಕೋಣೆ ಮುಚ್ಚಿದಂತೆಯೇ. ಪುಕ್ಕಲಿಗೆ ಅದು ಗೊತ್ತಿತ್ತು. ತೋಳನ್ನು ಮರಕ್ಕೆ ತಾಗಿಸಿದರೆ ಸಾಕೆಂಬುದೂ ಗೊತ್ತಿತ್ತು. ಆದರೆ ತೋಳು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಕಿವಿಯ ಪಕ್ಕದಲ್ಲೇ ಬಾವಲಿಯ ಉಸಿರು.

"ನಂಗೆ ಭಯ ಆಗ್ತಿದೆ," ಎಂದಳು, ಕತ್ತು ತಿರುಗಿಸದೆ. "ಕೈ ಅಲ್ಲಾಡ್ತಿಲ್ಲ. ಯಾರಾದ್ರೂ ಬನ್ನಿ, ದಮ್ಮಯ್ಯ."

ಗೇಟಿನ ಗದ್ದಲ ನಿಂತಿತು. ಗುಂಪಿನಿಂದ ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ಹೊರಬಂದಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

"ನಂಗೂ ಭಯಾನೇ ಕಣಮ್ಮ. ಕಣ್ಮುಚ್ಕೊಂಡು ಬರ್ಲಾ?"

"ಅಯ್ಯೋ ಬೇಡ ಅಕ್ಕಾ! ಬಿಟ್ಕೊಂಡೇ ಬನ್ನಿ!"

ಹೊಲಿಗೆಯಾಕೆ ಹಿಂದಿನಿಂದ ಬಂದು, ಪುಕ್ಕಲಿಯ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು, ಬೀರು ಸರಿಸುವ ಹಾಗೆ ಇಡೀ ಹುಡುಗಿಯನ್ನೇ ಮರದತ್ತ ದೂಡಿದಳು. ಇಬ್ಬರ ಹಲ್ಲೂ ಕಟಕಟ. ಭುಜ ತೊಗಟೆಗೆ ತಾಗಿತು. ಬಾವಲಿ ಕ್ಷಣ ಯೋಚಿಸಿ, ಮರಕ್ಕೆ ದಾಟಿ, ಸರಸರ ಮೇಲೇರಿ, ಕೊಂಬೆಯಿಂದ ಜಾರಿ ಹಾರಿಹೋಯಿತು.

ಗೇಟಿನ ಬಳಿ ಅರ್ಧ ಜನ ಉಳಿದಿದ್ದರು. ಓಡಲು ಕಾಲು ಬಾರದೆ ಉಳಿದವರೂ ಅವರಲ್ಲಿರಬಹುದು. ಮೇಡಂ ಆ ಸೂಕ್ಷ್ಮವನ್ನೆಲ್ಲ ವಿಚಾರಿಸದೆ ಟೀ ಹಂಚತೊಡಗಿದರು.

"ನಾಳೆ ಎಷ್ಟೊತ್ತಿಗೆ ಬರ್ಬೇಕು?" ಎಂದು ಕೇಳಿದಳು ಹೊಲಿಗೆಯಾಕೆ.

"ಸಂ... ಸಂಜೆ," ಎಂದಳು ಪುಕ್ಕಲಿ. "ನೀವು ಬಂದ್ರೆ ನಾನೂ ಬರ್ತೀನಿ."

"ಬರೋಣ. ಈಗ ಮೊದ್ಲು ಆ ಕೈ ಇಳ್ಸಮ್ಮ."