ಐದನೆಯ ಟ್ರೇಯ ಜರಿಗಿಡ

ಹಾವೇರಿಯಲ್ಲಿ ಹತ್ತಕ್ಕೆ ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಎಂಟಾದರೂ ಬ್ಯಾಡಗಿಯ ಮನೆಯಲ್ಲಿ ಬೇನಜೀರಳ ಮುಂದೆ ಅರ್ಧ ಚೀಲ ಮೆಣಸಿನಕಾಯಿ ಉಳಿದಿತ್ತು. ರೊಟ್ಟಿ ಬಡಿದು, ನೀರು ತುಂಬಿ, ಮಗಳ ಜಡೆ ಹಾಕಿ ಕೂತವಳು ತೊಟ್ಟು ಮುರಿಯುತ್ತಲೇ ಇದ್ದಳು.

"ಚೀಲ ಮುಗಿಸಿ ಹೋಗ ಬೇಟಿ. ಎರಡ ಸಲ ಫೇಲಾದಾಕಿಗೆ ಇಷ್ಟ ಅವಸರ ಯಾಕ?" ಎಂದಳು ಅತ್ತೆ ಸುಗರಾಬಿ.

ಇದು ಕೊನೆಯ ಅವಕಾಶ. ಈ ಸಲವೂ ಪಾಸಾಗದಿದ್ದರೆ ಪುಸ್ತಕಗಳು ರದ್ದಿಗೆ ಎಂದು ಗಂಡ ನಯಾಜ ಹೇಳಿಯಾಗಿತ್ತು.

ತೊಟ್ಟು ಬಿಡಿಸಿದ ಕೈಗೆ ಮೊದಲು ಎಣ್ಣೆ ತಿಕ್ಕಬೇಕು, ಆಮೇಲೆ ಸಾಬೂನು. ಇಲ್ಲದಿದ್ದರೆ ಖಾರ ಬಿಡುವುದಿಲ್ಲ. ಆದರೆ ಬಾಟಲಿಯ ಕೊನೆಯ ಎಣ್ಣೆ ನಯಾಜನ ತಲೆಗೆ ಹೋಗಿತ್ತು. ಬೇನಜೀರ ಬರೀ ಸಾಬೂನಿನಲ್ಲಿ ತೊಳೆದು ಬಸ್ಸಿಗೆ ಓಡಿದಳು.

ಪರೀಕ್ಷೆಯ ಕೋಣೆಯಲ್ಲಿ ಗಿಡಗಳ ಐದು ಟ್ರೇ, ಒಂದೊಂದಕ್ಕೆ ಎರಡು ನಿಮಿಷ. ಗಿಡದ ಹೆಸರು, ಗುರುತಿಸಿದ ಲಕ್ಷಣ ಬರೆಯಬೇಕು. ಮೊದಲ ನಾಲ್ಕರಲ್ಲಿ ಎರಡು ಬಂದವು, ಎರಡು ಬರಲಿಲ್ಲ. ಐದನೆಯದಕ್ಕೆ 'ಕರಾವಳಿಯ ಜರಿಗಿಡ' ಎಂಬ ಚೀಟಿ ಇತ್ತು. ಪಾಸು ಅದರ ಮೇಲೇ ನಿಂತಿತ್ತು. ಹಣೆಯ ಬೆವರು ರೆಪ್ಪೆಗಿಳಿಯಿತು, ಬೆರಳಿನಿಂದ ಒರೆಸಿಕೊಂಡಳು. ಕಣ್ಣುಗಳು ಉರಿದು ಮುಚ್ಚಿಕೊಂಡವು.

ತಡವರಿಸಿ ಟ್ರೇಗೆ ಕೈ ಹಾಕಿದಳು.

"ಮುಟ್ಟಬ್ಯಾಡ್ರಿ," ಪರೀಕ್ಷಕಿ ಗದರಿದರು.

"ಕಣ್ಣ ತಗ್ಯಾಕ ಬರವಲ್ದ್ರಿ ಮೇಡಂ. ಖಾರ ಹತ್ತೇತಿ."

"ಅಡಗಿಮನಿಯಿಂದ ನೆಟ್ಟಗ ಇಲ್ಲಿಗೇ ಬಂದೀರೇನು?"

ಯಾರೋ ನಕ್ಕರು. ಬೇನಜೀರ ಕೈ ತೆಗೆಯಲಿಲ್ಲ. ದಪ್ಪ ದಂಟು, ಎರಡೂ ಬದಿ ಚರ್ಮದಂಥ ಗಟ್ಟಿ ಎಲೆಗಳು. ಕೆಳಗಿನವು ಹಿಂದೆ ಮುಂದೆ ನುಣುಪು. ತುದಿಯ ನಾಲ್ಕಾರು ಎಲೆಗಳ ಬೆನ್ನಿಗೆ ಮಾತ್ರ ಮಖಮಲ್ಲು. ಬೇರೆ ಜರಿಗಿಡಗಳ ಹಾಗೆ ಬೀಜಕಗಳು ಚುಕ್ಕಿಯಾಗಿಲ್ಲ, ಗೆರೆಯಾಗಿಲ್ಲ. ಎಲೆಯ ಬೆನ್ನ ತುಂಬ ಹರಡಿವೆ, ಆ ಮಖಮಲ್ಲೇ ಅವು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವುದು, ಅಕ್ರೋಸ್ಟಿಕಮ್. ಅವಳು ಸಮುದ್ರ ಕಂಡಿರಲಿಲ್ಲ, ಆದರೂ ಸಂಶಯವೇ ಉಳಿಯಲಿಲ್ಲ. ಕಣ್ಣು ಮುಚ್ಚಿಯೇ ಬರೆದಳು. ಗಂಟೆ ಹೊಡೆಯಿತು. ಪರೀಕ್ಷಕಿ ಬಂದು ಹಾಳೆಗೆ ಕೈ ಹಾಕಿದರು.

"ಸಾಲಿನ ಮ್ಯಾಲ ಸಾಲ ಬರದೀರಿ. ಯಾರ ಓದಬೇಕು ಇದನ್ನ?"

"ನಾ ಹೇಳ್ತೀನ್ರಿ, ಕೇಳ್ರಿ. ಅಕ್ರೋಸ್ಟಿಕಮ್ ಐತ್ರಿ ಇದು."

"ಬಾಯಿಲೆ ಹೇಳಿದ್ದಕ್ಕ ಮಾರ್ಕ್ಸ್ ಇಲ್ಲ. ಬಿಡ್ರಿ ಹಾಳಿ."

ಬೇನಜೀರ ಬಿಡಲಿಲ್ಲ. ಪರೀಕ್ಷಕಿ ಎಳೆದಾಗ ಹಾಳೆಯ ಮೂಲೆ ಹರಿದು ಅವಳ ಬೆರಳಲ್ಲೇ ಉಳಿಯಿತು.

"ತುದೀ ಎಲಿ ಬೆನ್ನ ಮುಟ್ಟಿ ನೋಡ್ರಿ ಮೇಡಂ, ನೀವ ಒಮ್ಮೆ ಮುಟ್ಟಿ ನೋಡ್ರಿ," ಎನ್ನುತ್ತ ಮತ್ತೆ ಟ್ರೇ ಹುಡುಕಿದಳು. ಅಲ್ಲಿ ಆಗಲೇ ಮುಂದಿನ ಹುಡುಗಿ ನಿಂತು ಬರೆಯತೊಡಗಿದ್ದಳು.