ಬೈಸಿಕೊಂಡ ವಕೀಲನೇ ಬೇಕಂತೆ

ಗೆಳೆಯರೇ, ಇವತ್ತು ಹಾಸನದ ಕೋರ್ಟಿನಲ್ಲಿ ಜಿಲ್ಲಾ ಜಡ್ಜಿಗಳು ನನ್ನನ್ನು ಎಲ್ಲ ವಕೀಲರೆದುರು ನಿಲ್ಲಿಸಿ, ಹೈಕೋರ್ಟು ಕಳಿಸಿದ್ದ ಎಚ್ಚರಿಕೆಯನ್ನು ಓದಿದರು. ನಾನು ಕಕ್ಷಿದಾರಳ ದಾವೆಯನ್ನು ಅಲಕ್ಷಿಸಿದ್ದೇನೆ, ಇನ್ನೊಮ್ಮೆ ಹೀಗಾದರೆ ವಕೀಲಿ ನಡೆಸುವ ಸನ್ನದೇ ಹೋಗುತ್ತದೆ ಎಂದು.

ಸುಳ್ಳೇನಲ್ಲ. ಶಾಂತಿಗ್ರಾಮದ ಕೆಂಪಮ್ಮನ ಬಾವಿಯ ದಾವೆ ಕೂಗಿದ ದಿನ ನಾನು ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಿದ್ದೆ. "ನಮ್ ವಕೀಲ್ರು ಬತ್ತವ್ರೆ, ವಸಿ ತಾಳಿ ಸಾ" ಎಂದು ಆಕೆ ಕೋರ್ಟಿನಲ್ಲಿ ಅಂಗಲಾಚಿದಳಂತೆ. ದಾವೆ ವಜಾ ಆಯಿತು. ಬಾವಿ ಕೈತಪ್ಪಿದರೆ ಅವಳ ತೆಂಗಿನ ತೋಟಕ್ಕೆ ನೀರಿಲ್ಲ. ನನ್ನ ಮೇಲೆ ಹೈಕೋರ್ಟಿಗೆ ದೂರು ಬರೆಸಿ ಹಾಕಿದಳು. ಪುಣ್ಯಕ್ಕೆ, ದಾವೆಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಂಡಿದ್ದಾರೆ.

ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದೆ. ಪೆಟ್ರೋಲಿಲ್ಲದ ಈ ಕಾಲದಲ್ಲಿ ಇದ್ದಲಿನಿಂದ ಓಡುವ ಬಸ್ಸಿನಲ್ಲಿ ಬಂದಿದ್ದ ಕೆಂಪಮ್ಮ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಹೊಸ ವಕೀಲ, ವಕಾಲತ್ತಿನ ಕಾಗದ ಹಿಡಿದು ಆಗಲೇ ಹಲ್ಲು ಕಿರಿಯುತ್ತಿದ್ದ. ನಾನು ಅವಳ ಕಾಗದಪತ್ರದ ಕಟ್ಟನ್ನು ಮುಂದಿಟ್ಟೆ.

"ತಗೊಳಮ್ಮ, ಇವರಿಗೇ ಕೊಡು."

"ಯಾಕ್ ಸಾ? ನೀವೇ ನಡ್ಸಿ."

ಹೊಸ ವಕೀಲನಿಗೆ ದಿಗ್ಭ್ರಮೆ. "ಇವರ ಮೇಲೆ ದೂರು ಕೊಟ್ಟೋಳು ನೀನೇ ಅಲ್ವೇನಮ್ಮಾ?"

"ಊಂ ಕಣಪ್ಪ, ನಾನೇಯ. ಇವ್ರು ಚೆನ್ನಾಗಿ ಬೈಸ್ಕಂಡವ್ರೆ, ಇನ್ನು ವಾಯ್ದೆ ತಪ್ಸಾಕಿಲ್ಲ. ನಿಂಗೆ ಇನ್ನೂ ಯಾರೂ ಬೈದಿಲ್ವಲ್ಲ!"

ಬರುವ ವಾಯಿದೆಯ ದಿನ ಬಸ್ಸಿಳಿದವಳು ಮೊದಲು ಕ್ಲಬ್ಬಿನಲ್ಲಿ ಇಣುಕಿ ನೋಡಿಯೇ ಕೋರ್ಟಿಗೆ ಬರುತ್ತಾಳಂತೆ.

ಇಪ್ಪತ್ತು ವರ್ಷದ ವಕೀಲಿಯಲ್ಲಿ ನನಗೆ ಸಿಕ್ಕ ಮೊದಲ ಶಿಫಾರಸು ಪತ್ರ ಇದು. ಬರೆದುಕೊಟ್ಟದ್ದು ಹೈಕೋರ್ಟು.